ಭಜನೆಯ ಲಯ ಏರುತ್ತದೆ, ಕಂಪ್ಯೂಟರಿನ ಟಿಕ್ ಏರುವುದಿಲ್ಲ: ಮನೆಯಲ್ಲೇ ಧ್ವನಿಮುದ್ರಣಕ್ಕೆ ಯಾವ ಸಾಫ್ಟ್‌ವೇರ್?

ಕಂಬ ಹತ್ತುವವ (ಕಲಬುರಗಿ)

ಎಲ್ಲರಿಗೂ ಶರಣು.

ನಾನು ಹಗಲು ಕರೆಂಟಿನ ಕಂಬ ಹತ್ತುವವನು, ಸೋಮವಾರ ರಾತ್ರಿ ಭಜನೆ ಹಾಡುವವನು. ನಮ್ಮ ಮಂಡಳಿಯಲ್ಲಿ ಐದು ಜನ. ಪೇಟಿ (ಹಾರ್ಮೋನಿಯಂ) ನುಡಿಸುವವರು ನನ್ನ ಸೋದರಮಾವ, ತಬಲಾಕ್ಕೆ ಹಿಟ್ಟಿನ ಗಿರಣಿಯ ಹುಡುಗ, ತಾಳ ಹಿಡಿದು ಹಿಮ್ಮೇಳ ಹಾಡಲು ಇಬ್ಬರು, ಮುಂದೆ ನಾನು. ಇಷ್ಟು ದಿನ ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಕೇಳಿದರೆ ಪೇಟಿಯೇ ಪೇಟಿ. ನಾನು ಪಕ್ಕದ ಮನೆಯಲ್ಲಿ ಕುಳಿತು ಹಾಡಿದ ಹಾಗಿರುತ್ತದೆ. ಮಾವನಿಗೆ ಬಾಯಿಪಾಠವಿರುವ ತತ್ವಪದಗಳಲ್ಲಿ ಅರ್ಧದಷ್ಟು ನಮಗೆ ಯಾರಿಗೂ ಬರುವುದಿಲ್ಲ. ಅವನ್ನಾದರೂ ನೆಟ್ಟಗೆ ಮುದ್ರಿಸಿ ಇಟ್ಟುಕೊಳ್ಳೋಣವೆಂದು ಈ ಉಸಾಬರಿಗೆ ಇಳಿದಿದ್ದೇನೆ.

ನನ್ನ ಬಳಿ ಇರುವುದು 4 ಜಿಬಿ ರ್‍ಯಾಮಿನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್ 10. ಎರಡು ಮೈಕ್ ಸಿಕ್ಕಿಸಬಹುದಾದ ಯುಎಸ್‌ಬಿ ಇಂಟರ್‌ಫೇಸ್ ಒಂದನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದೇನೆ. ಒಂದು ಕಂಡೆನ್ಸರ್ ಮೈಕ್ ಕೊಂಡಿದ್ದೇನೆ, ಇನ್ನೊಂದು ಮಂಡಳಿಯ ಸ್ಪೀಕರ್ ಸೆಟ್ಟಿನ ಸಾದಾ ಕೈ ಮೈಕ್. ಕೋಣೆ ಹತ್ತಡಿಗೆ ಹನ್ನೆರಡಡಿ, ನೆಲಕ್ಕೆ ಶಹಾಬಾದ್ ಕಲ್ಲು, ನಾಲ್ಕೂ ಕಡೆ ಬರೀ ಗೋಡೆ.

ಈವರೆಗೆ ಮಾಡಿದ ಸಾಹಸಗಳನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಮೊದಲು ಒಬ್ಬ ಅಂಗಡಿಯವನು ‘ಲಕ್ಷ ರೂಪಾಯಿ ಬಾಳುವ ಸ್ಟುಡಿಯೊ ಸಾಫ್ಟ್‌ವೇರ್’ ಎಂದು ಪೆನ್‌ಡ್ರೈವ್‌ನಲ್ಲಿ ತುಂಬಿಕೊಟ್ಟ, ಮುನ್ನೂರು ರೂಪಾಯಿ ತೆಗೆದುಕೊಂಡ. ಹಾಕಿದ ಮರುದಿನದಿಂದ ಲ್ಯಾಪ್‌ಟಾಪ್ ತಾನಾಗಿಯೇ ರಮ್ಮಿ ಆಟದ ಜಾಹೀರಾತು ತೋರಿಸತೊಡಗಿತು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಬೇಕಾಯಿತು. ಆಮೇಲೆ ಅಕ್ಕನ ಮಗ ಬಂದ. ಅವನು ಮೆರವಣಿಗೆಗೆ ಡಿಜೆ ಹಾಡು ಕೂಡಿಸುವ ಪ್ರವೀಣ. ಎಫ್‌ಎಲ್ ಸ್ಟುಡಿಯೊ ಹಾಕಿಕೊಟ್ಟು, ‘ಮಾಮಾ, ಮೊದಲು ಟಿಕ್ ಟಿಕ್ ಹಾಕಿಕೋ, ಅದಕ್ಕೆ ಸರಿಯಾಗಿ ಹಾಡು’ ಎಂದ. ಅದೇ ನನಗೆ ತಲೆನೋವಾಗಿರುವುದು. ನಮ್ಮ ಭಜನೆ ಬೆಳಗ್ಗೆ ಆಕಳು ಮೇಯಲು ಹೊರಟ ಹಾಗೆ ಶುರುವಾಗುತ್ತದೆ, ಮುಗಿಯುವಾಗ ಸಂಜೆ ಕರು ನೆನೆದು ಓಡಿಬಂದ ಹಾಗಿರುತ್ತದೆ. ಮೂರನೆಯ ನುಡಿಗೆ ಬರುವಷ್ಟರಲ್ಲಿ ಟಿಕ್ ಹಿಂದೆ, ನಾವು ಮುಂದೆ. ಮಾವನವರು ಹೆಡ್‌ಫೋನ್ ಕಿತ್ತು ಪೇಟಿಯ ಮೇಲಿಟ್ಟು ಚಹಾಕ್ಕೆ ಎದ್ದುಹೋದರು.

ಮೂರನೆಯದು ಅಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್. ಪೇಟಿಯನ್ನು ಮೊದಲು ಮುದ್ರಿಸಿ, ಅದನ್ನು ಕೇಳುತ್ತ ನಾನು ಹಾಡಿದೆ. ಹಾಡುವಾಗ ಎಲ್ಲ ಸರಿಯಿತ್ತು. ತಿರುಗಿ ಕೇಳಿದರೆ ಪ್ರತಿ ಸಮ್‌ನಲ್ಲೂ (ತಾಳದ ಮೊದಲ ಪೆಟ್ಟಿನಲ್ಲೂ) ನಾನು ಒಂದು ಹೆಜ್ಜೆ ತಡ. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದೇನೆ, ಅಷ್ಟು ತಾಳಗೇಡಿ ನಾನಲ್ಲ.

ಈಗ ಹೇಳಿ: ಈ ಲ್ಯಾಪ್‌ಟಾಪಿಗೆ ಯಾವ ಸಾಫ್ಟ್‌ವೇರ್ ತಕ್ಕದ್ದು? ಟಿಕ್ ಇಲ್ಲದೆ ಕೆಲಸ ನಡೆಯುವುದಿಲ್ಲವೇ? ಇನ್ನೊಂದು ಸಣ್ಣ ವಿಷಯವಿದೆ. ಹೆಡ್‌ಫೋನಿನಲ್ಲಿ ಸದಾ ಗುಂಯ್ ಎನ್ನುವ ಸದ್ದು ಬರುತ್ತದೆ. ಮೈಕಿನ ಮೈ ಮುಟ್ಟಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಗುಂಯ್. ಇದಕ್ಕೆ ಯಾವ ಫಿಲ್ಟರ್ ಹಾಕಬೇಕು?

ಬಿದ್ರಿ ಬಾಜಾ (ಬೀದರ್)

ಶರಣು ಅಣ್ಣಾ. ಮದುವೆಯ ವಿಡಿಯೊ ನನ್ನ ಹೊಟ್ಟೆಪಾಡು, ಅಂಗಡಿಯ ಹಿಂದಿನ ಕೋಣೆಯಲ್ಲಿ ಧ್ವನಿಮುದ್ರಣ ನನ್ನ ಚಟ. ಅಡಾಸಿಟಿಯಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಿಮ್ಮದಲ್ಲ. ಧ್ವನಿ ಮೈಕಿನಿಂದ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುವಾಗ ತಡವಾಗುತ್ತದೆ. ಹಳೆಯ ಪೇಟಿಯ ಸದ್ದು ನಿಮ್ಮ ಕಿವಿಗೆ ಬರುವಾಗಲೂ ತಡವಾಗುತ್ತದೆ. ಎರಡನ್ನೂ ಲೆಕ್ಕ ಹಾಕಿ ಹೊಸ ಟ್ರ್ಯಾಕನ್ನು ಹಿಂದಕ್ಕೆ ಸರಿಸಬೇಕು. ಅಡಾಸಿಟಿ ಅದಕ್ಕೆಂದು ಮೊದಲೇ 130 ಮಿಲಿಸೆಕೆಂಡ್ ಎಂಬ ಅಂದಾಜು ಇಟ್ಟುಕೊಂಡಿರುತ್ತದೆ. ನಿಮ್ಮ ಯಂತ್ರದ ತಡ ಬೇರೆಯೇ ಇದ್ದರೆ ಹೆಜ್ಜೆ ತಪ್ಪುತ್ತದೆ. ಹೆಡ್‌ಫೋನನ್ನು ಮೈಕಿನ ಬಾಯಿಗೆ ಹಿಡಿದು ಒಂದು ಚಪ್ಪಾಳೆಯ ಟ್ರ್ಯಾಕನ್ನು ಮತ್ತೆ ಮುದ್ರಿಸಿ, ಎರಡು ಚಪ್ಪಾಳೆಗಳ ನಡುವಿನ ಅಂತರ ಅಳೆದು ಆ ಅಂಕಿಯನ್ನು ತಿದ್ದಿದರೆ ಸರಿಹೋಗುತ್ತದೆ.

ಆದರೆ ಅಷ್ಟು ಒದ್ದಾಡುವುದೇಕೆ? ಎಫ್‌ಎಲ್ ಸ್ಟುಡಿಯೊವನ್ನು ಅಳಿಯನಿಗೇ ಬಿಟ್ಟುಬಿಡಿ. ತಾಳದ ತುಣುಕು ಜೋಡಿಸುವುದಕ್ಕೆ ಅದಕ್ಕಿಂತ ಚುರುಕಾದದ್ದು ಸಿಗದು, ಆದರೆ ಅದರ ಅಗ್ಗದ ‘ಫ್ರೂಟಿ’ ಆವೃತ್ತಿಯಲ್ಲಿ ಮೈಕಿನಿಂದ ಹಾಡು ಮುದ್ರಿಸಲು ಬಹುಕಾಲ ಬರುತ್ತಲೇ ಇರಲಿಲ್ಲ, ಮೇಲಿನ ಆವೃತ್ತಿ ಬೇಕಿತ್ತು. ಗ್ಯಾರೇಜ್‌ಬ್ಯಾಂಡ್ ಚೆನ್ನಾಗಿದೆ, ಪುಕ್ಕಟೆ, ಆದರೆ ಆಪಲ್ ಯಂತ್ರಗಳಿಗೆ ಮಾತ್ರ. ನಿಮಗೆ ನಾನು ಹೇಳುವುದು ರೀಪರ್.

ಹಿಂದೆ ಇಂಟರ್ನೆಟ್ ಕೆಫೆಗಳಲ್ಲಿ ಹಾಡು ಕೇಳುತ್ತಿದ್ದೆವಲ್ಲ ವಿನ್‌ಆ್ಯಂಪ್, ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಎಂಬವನದೇ ಇದು. ಹಾಕಿಕೊಳ್ಳುವ ಫೈಲು ತೀರಾ ಸಣ್ಣದು, 4 ಜಿಬಿ ಯಂತ್ರದಲ್ಲೂ ಏದುಸಿರು ಬಿಡುವುದಿಲ್ಲ. 60 ದಿನ ಪುಕ್ಕಟೆ ಬಳಸಿ ನೋಡಬಹುದು. ಅವಧಿ ಮುಗಿದ ಮೇಲೂ ಬಾಗಿಲು ಹಾಕುವುದಿಲ್ಲ, ತೆರೆದಾಗಲೆಲ್ಲ ಇಷ್ಟು ದಿನವಾಯಿತು ಎಂದು ನೆನಪಿಸಿ ಒಂದಿಷ್ಟು ಕಾಯಿಸುತ್ತದೆ. ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ನಾನು ಎರಡು ವರ್ಷ ಆ ಕಿಟಕಿ ನೋಡಿ ನೋಡಿ ನಾಚಿಕೆಯಾಗಿ ಕೊನೆಗೆ ಕೊಂಡೆ.

ಟಿಕ್ ವಿಷಯ. ಮೆಟ್ರೊನೋಮ್ ಗುಂಡಿ ಒತ್ತಿ ಆರಿಸಿಬಿಡಿ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅದೊಂದೇ ಸಾಲದು. ಇಂಥ ಸಾಫ್ಟ್‌ವೇರುಗಳಿಗೆಲ್ಲ ಹಾಡೆಂದರೆ ಒಂದೇ ಅಳತೆಯ ಹೆಂಚು ಜೋಡಿಸಿದ ಮಾಡು ಎಂಬ ನಂಬಿಕೆ. ರೀಪರ್‌ನಲ್ಲಿ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ‘ಟೈಮ್‌ಬೇಸ್’ ಎಂಬಲ್ಲಿ ‘ಬೀಟ್ಸ್’ ಎಂದಿರುವುದನ್ನು ‘ಟೈಮ್’ ಮಾಡಿ. ಮಾಡದಿದ್ದರೆ ಏನಾಗುತ್ತದೆ ಎಂದು ನನ್ನ ಕೈ ಸುಟ್ಟುಕೊಂಡೇ ಕಲಿತಿದ್ದೇನೆ: ಒಮ್ಮೆ ಒಬ್ಬರ ವಚನ ಗಾಯನ ಮುದ್ರಿಸಿದ ಮೇಲೆ ಅರಿವಿಲ್ಲದೆ ಮೇಲಿನ 120 ಎಂಬ ಲಯದ ಅಂಕಿಯನ್ನು 90ಕ್ಕೆ ಇಳಿಸಿದೆ. ಇಡೀ ಹಾಡು ಮೈದಾ ಹಿಟ್ಟಿನ ಹಾಗೆ ಎಳೆದುಕೊಂಡಿತು. ಗಾಯಕರು ಪಕ್ಕದಲ್ಲೇ ಕುಳಿತಿದ್ದರು. ಆಲ್ಟ್ ಮತ್ತು ಎಸ್ ಒತ್ತಿ ಸ್ನ್ಯಾಪ್ ಕೂಡ ಆರಿಸಿ, ಆಗ ಕತ್ತರಿಸುವಾಗ ಗೆರೆಗೆ ಅಂಟಿಕೊಳ್ಳುವುದಿಲ್ಲ.

ಹಾಡುವಾಗ ನಿಮ್ಮ ಧ್ವನಿಯನ್ನು ಕಂಪ್ಯೂಟರಿನ ಮೂಲಕ ಕೇಳಬೇಡಿ. ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಧ್ವನಿಯ ಮಾದರಿಗಳ ಸಂಖ್ಯೆ) 512, ವೇಗ ಸೆಕೆಂಡಿಗೆ 48,000 ಮಾದರಿ ಇದ್ದರೆ ಒಂದು ಕಡೆಗೇ 10.7 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿಗೆ ಧ್ವನಿ ಗಾಳಿಯಲ್ಲಿ ಮೂರೂವರೆ ಮೀಟರ್ ದಾಟಿರುತ್ತದೆ, ಹೋಗಿ ಬರುವ ಲೆಕ್ಕ ಅದರ ಎರಡರಷ್ಟು. ಬಫರ್ 64ಕ್ಕೆ ಇಳಿಸಿದರೆ ನಿಮ್ಮ ಲ್ಯಾಪ್‌ಟಾಪ್ ಒಲೆಯ ಮೇಲಿನ ಸಾಸಿವೆಯಂತೆ ಚಟಪಟ ಎನ್ನುತ್ತದೆ. ಇಂಟರ್‌ಫೇಸಿನ ಮೇಲೆ ‘ಡೈರೆಕ್ಟ್’ ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ, ರೀಪರ್‌ನ ಟ್ರ್ಯಾಕಿನಲ್ಲಿ ಮಾನಿಟರ್ ಆರಿಸಿ. ಎರಡೂ ಚಾಲೂ ಇದ್ದರೆ ಬಾವಿಯೊಳಗೆ ಹಾಡಿದ ಹಾಗೆ ಎರಡೆರಡು ಕೇಳಿಸುತ್ತದೆ.

24 ಬಿಟ್, 48,000 ಇಡಿ. ಒಂದು ಮೈಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಎರಡು ಮೈಕಿನ ಒಂದು ಗಂಟೆಯ ಭಜನೆ ಹೆಚ್ಚುಕಡಿಮೆ 1 ಜಿಬಿ. ಗೇನ್ (ಮೈಕಿನ ಧ್ವನಿ ಎತ್ತುವ ಮಟ್ಟ) ಇಡುವಾಗ ಮೊದಲ ನುಡಿ ಹಾಡಿಸಿ ಇಡಬೇಡಿ, ನೀವೇ ಹೇಳಿದ ಆ ಓಡುವ ಆಕಳಿನ ಜಾಗ ಹಾಡಿಸಿ ಇಡಿ. ಅಲ್ಲಿ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ನಿಂತರೆ ಸಾಕು.

ಐದು ಜನಕ್ಕೆ ಎರಡೇ ಮೈಕ್ ಇರುವುದರಿಂದ ನನ್ನ ಸಲಹೆ: ಮೊದಲು ಎಲ್ಲರೂ ಕೂಡಿ ಹಾಡಿದ್ದನ್ನು ಒಂದು ಕರಡಿನ ಹಾಗೆ ಮುದ್ರಿಸಿ. ಆಮೇಲೆ ಅದನ್ನು ಕೇಳುತ್ತ ಪೇಟಿ, ತಬಲಾ, ಹಾಡು ಒಂದೊಂದಾಗಿ ಮತ್ತೆ ಮುದ್ರಿಸಿ. ಟಿಕ್ ಬದಲು ನಿಮ್ಮದೇ ಲಯ ದಾರಿ ತೋರಿಸುತ್ತದೆ.

ಗುಂಯ್ ಸದ್ದಿಗೆ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ.

ಡಗ್ಗಾ ಮಾಸ್ತರ್ (ಸುರಪುರ)

ತಮ್ಮಾ, ಬೀದರಿನವರು ಹೇಳಿದ್ದೆಲ್ಲ ಕಲಿಯತಕ್ಕದ್ದೇ. ಕೊನೆಯದೊಂದನ್ನು ಬಿಟ್ಟು. ಭಜನೆಯನ್ನು ಬಿಡಿಬಿಡಿಯಾಗಿ ಮುದ್ರಿಸಬೇಡ. ಪೇಟಿಯವರು ಎಲ್ಲಿ ಉಸಿರು ಹಿಡಿಯುತ್ತಾರೆಂದು ನೋಡಿ ತಬಲಾದವನು ತಿಹಾಯಿ (ಮೂರು ಸಲ ನುಡಿಸುವ ಮುಕ್ತಾಯದ ಬೋಲು) ಎತ್ತುತ್ತಾನೆ. ಅದು ಕಣ್ಣಿನ ವ್ಯವಹಾರ. ಹೆಡ್‌ಫೋನಿಗೆ ಕಣ್ಣಿಲ್ಲ.

ನಾನು ನಲವತ್ತು ವರ್ಷದಿಂದ ಹುಡುಗರಿಗೆ ತಬಲಾ ಹೇಳಿಕೊಡುತ್ತಿದ್ದೇನೆ. ನನ್ನ ಬಳಿ ಇರುವುದು ಅಡಾಸಿಟಿಯೊಂದೇ, ಎರಡೇ ಮೈಕ್. ಆದರೆ ಕೂರಿಸುವುದು ನನಗೆ ಗೊತ್ತು. ನಿನ್ನ ಕೈ ಮೈಕ್ ಮುಂದಿನಿಂದ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಬೆನ್ನ ಕಡೆಯಿಂದ ಬಹಳ ಕಡಿಮೆ. ಹಾಗಾಗಿ ನೀನು ಪೇಟಿಯ ಪಕ್ಕದಲ್ಲಿ ಕೂರಬೇಡ, ಎದುರಿಗೆ ಕುಳಿತುಕೋ. ಮೈಕಿನ ಮುಖ ನಿನ್ನ ಕಡೆ, ಬೆನ್ನು ಪೇಟಿಯ ಕಡೆ. ಬಾಯಿಗೆ ನಾಲ್ಕು ಬೆರಳು ದೂರವಿರಲಿ, ಅದಕ್ಕಿಂತ ಹತ್ತಿರ ಬಂದರೆ ಧ್ವನಿ ಉಬ್ಬುತ್ತದೆ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಗುಂಡಿ ಒತ್ತಿ, ಅದನ್ನು ಪೇಟಿ ಮತ್ತು ತಬಲಾ ನಡುವೆ ಮೊಳಕಾಲೆತ್ತರಕ್ಕೆ ಇಡು, ಸ್ವಲ್ಪ ಡಗ್ಗಾದ (ತಬಲಾ ಜೋಡಿಯ ದಪ್ಪ ಸದ್ದಿನ ವಾದ್ಯದ) ಕಡೆ ವಾಲಿಸಿ. ಪೇಟಿ ತಾನಾಗಿಯೇ ಕೇಳಿಸುತ್ತದೆ, ಅದರ ಚಿಂತೆ ಬೇಡ. ಮೈಕಿನಿಂದ ವಾದ್ಯಕ್ಕೆ ಒಂದಡಿ ಇದ್ದರೆ ಮೈಕಿನಿಂದ ಮೈಕಿಗೆ ಮೂರಡಿಯಾದರೂ ಇರಲಿ, ಇಲ್ಲವಾದರೆ ಎರಡೂ ಒಂದನ್ನೊಂದು ತಿಂದು ಡಗ್ಗಾದ ಗುಮ್ಮು ಮಾಯವಾಗುತ್ತದೆ. ತಾಳದವರನ್ನು ಬಾಗಿಲ ಬಳಿ ಕೂರಿಸು. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ಕಂಚಿನ ತಾಳ ಮೈಕಿನ ಹತ್ತಿರ ಬಂದರೆ ಯಾವ ಸಾಫ್ಟ್‌ವೇರೂ ಅದನ್ನು ಹಿಂದಕ್ಕೆ ಕಳಿಸಲಾರದು.

ಶಹಾಬಾದ್ ಕಲ್ಲಿನ ಮೇಲೆ ಎರಡು ಕೌದಿ ಹಾಸು, ನಿನ್ನ ಬೆನ್ನ ಹಿಂದಿನ ಗೋಡೆಗೆ ಇನ್ನೆರಡು ಇಳಿಬಿಡು. ನಮ್ಮ ಕಡೆ ಹತ್ತಿಯ ಕಾಲದಲ್ಲಿ ಮನೆಯೊಳಗೇ ಹತ್ತಿ ಚೀಲ ಒಟ್ಟಿರುತ್ತಾರೆ, ಆ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತದೆ. ನನ್ನ ಒಳ್ಳೆಯ ಮುದ್ರಣಗಳೆಲ್ಲ ಆ ಎರಡು ತಿಂಗಳಿನವು.

ಒಂದು ಮಾತು, ಅಳಿಯ ಶ್ರುತಿಗೆ ಕಂಪ್ಯೂಟರಿನ ತಂಬೂರಿ ಕೂಡಿಸಲು ಬಂದಾನು. ಹಳೆಯ ಪೇಟಿ 440 ಹರ್ಟ್ಸ್ ಎಂಬ ಶ್ರುತಿಯ ಅಳತೆಗೆ ಸರಿಯಾಗಿ ಇರುವುದು ಅಪರೂಪ. ಪೇಟಿಯ ಷಡ್ಜಕ್ಕೆ ತಂಬೂರಿಯನ್ನು ಹೊಂದಿಸಲಿ, ಪೇಟಿಯನ್ನು ತಂಬೂರಿಗೆ ಎಳೆಯಬಾರದು.

ಬಿದ್ರಿ ಬಾಜಾ (ಬೀದರ್)

ಮಾಸ್ತರರೇ, ಕೂಡಿ ಹಾಡಿದ್ದರಲ್ಲಿ ಗಾಯಕರು ಒಂದು ಪದ ತಪ್ಪಿದರೆ? ಬಿಡಿಯಾಗಿದ್ದರೆ ಅಷ್ಟನ್ನೇ ತಿದ್ದಬಹುದು.

ಡಗ್ಗಾ ಮಾಸ್ತರ್ (ಸುರಪುರ)

ಮತ್ತೆ ಹಾಡಬೇಕು.

ಓಮ್ಸ್ ನಿಯಮ (ಕಲಬುರಗಿ)

ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸ್ಟೆಲಿನಲ್ಲಿ ಗಿಟಾರ್ ನುಡಿಸುತ್ತೇನೆ. ಎರಡು ಮಾತು ಮಾತ್ರ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅಣ್ಣಾ. ಆ ಲ್ಯಾಪ್‌ಟಾಪನ್ನು ಮುದ್ರಣಕ್ಕೇ ಮೀಸಲಿಟ್ಟು ಇಂಟರ್ನೆಟ್‌ನಿಂದ ದೂರವಿಟ್ಟರೆ ನಡೆಯುತ್ತದೆ. ಇಲ್ಲವಾದರೆ ಲಿನಕ್ಸ್ ಹಾಕಿಕೊಳ್ಳಿ, ರೀಪರ್ ಅಲ್ಲೂ ಇದೆ. ಪೂರ್ತಿ ಮುಕ್ತ ತಂತ್ರಾಂಶವೇ ಬೇಕೆಂದರೆ ಆರ್ಡರ್ (Ardour) ಎಂಬುದಿದೆ, ನಾನು ಬಳಸುವುದು ಅದನ್ನೇ. ಆದರೆ ಕಲಿಯಲು ತಾಳ್ಮೆ ಬೇಕು, ನಿಮ್ಮ ಮಾವನವರ ಚಹಾ ಬಹಳ ಆಗಬಹುದು.

ಗುಂಯ್ ಸದ್ದಿಗೆ ದಯವಿಟ್ಟು ಫಿಲ್ಟರ್ ಹಾಕಬೇಡಿ. ಕರೆಂಟಿನ ಸದ್ದು 50 ಹರ್ಟ್ಸ್‌ನಲ್ಲಿ ಒಂದೇ ಇರುವುದಿಲ್ಲ, 100, 150 ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತದೆ. ಅಷ್ಟನ್ನೂ ಕೆತ್ತಿದರೆ ಡಗ್ಗಾ ಉಳಿಯುವುದಿಲ್ಲ. ಮೈಕ್ ಮುಟ್ಟಿದರೆ ಕಡಿಮೆಯಾಗುತ್ತದೆ ಎಂದರೆ, ಆ ಕ್ಷಣಕ್ಕೆ ನಿಮ್ಮ ಮೈಯೇ ಅರ್ಥಿಂಗ್ ಆಗುತ್ತಿದೆ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುತ್ತದೆಯೇ? ಎನ್ನುತ್ತಿದ್ದರೆ... ಲೈನ್‌ಮನ್ ಅಣ್ಣನಿಗೆ ಇದನ್ನು ಕೇಳಲು ಸಂಕೋಚವಾಗುತ್ತಿದೆ, ನಿಮ್ಮ ಮನೆಯ ಅರ್ಥಿಂಗ್ ಸರಿಯಿದೆಯೇ?

ಕಂಬ ಹತ್ತುವವ (ಕಲಬುರಗಿ)

ಎಂಟು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಗಾಳಿಗೆ ಎರಡು ಕಡೆ ಕಂಬ ಬಿದ್ದಿದ್ದವು.

ತಂಗೀ, ನಿನ್ನ ಪ್ರಶ್ನೆ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಲ್ಯಾಪ್‌ಟಾಪಿನ ಅಂಚಿಗೆ ಕೈಯ ಹಿಂಬದಿ ಸವರಿ ನೋಡಿದೆ. ಜುಮ್ ಎಂದಿತು. ದಿನಾ ಎನ್ನುತ್ತಿತ್ತು, ಅದು ಲ್ಯಾಪ್‌ಟಾಪಿನ ಸ್ವಭಾವ ಎಂದುಕೊಂಡಿದ್ದೆ. ಬೀದರ್ ಅಣ್ಣ ಹೇಳಿದಂತೆ ಚಾರ್ಜರ್ ಕಿತ್ತೆ, ಗುಂಯ್ ನಿಂತಿತು. ಆದರೆ ನನ್ನ ಬ್ಯಾಟರಿ ಅರ್ಧ ಗಂಟೆಯೂ ಬರುವುದಿಲ್ಲ. ಚಾರ್ಜರಿನದು ಮೂರು ಪಿನ್ನಿನ ಪ್ಲಗ್ಗು. ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಿಡಿದೆ. ನೂರು ವ್ಯಾಟಿನ ಬಲ್ಬ್ ಎಣ್ಣೆ ತೀರಿದ ಚಿಮಣಿಯ ಹಾಗೆ ಉರಿಯಿತು. (ಗೊತ್ತಿಲ್ಲದವರು ಯಾರೂ ಇದನ್ನು ಮಾಡಿ ನೋಡಬೇಡಿ.)

ಹಿತ್ತಲಿನಲ್ಲಿ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದರೆ ಬೇಸಿಗೆಗೆ ಎರೆಮಣ್ಣು ಬಾಯಿಬಿಟ್ಟು ಪೈಪಿನಿಂದ ಎರಡು ಬೆರಳು ದೂರ ಸರಿದು ನಿಂತಿದೆ. ಒಳಗೆ ಒಂದು ಇರುವೆ ಗೂಡು. ವರ್ಷವಿಡೀ ಊರೂರು ತಿರುಗಿ ‘ಅರ್ಥಿಂಗ್ ಗುಂಡಿಗೆ ನೀರು ಹಾಕಿ, ನೀರು ಹಾಕಿ’ ಎಂದು ಜನರಿಗೆ ಹೇಳುವವನು ನಾನು. ಇದ್ದಿಲು, ಉಪ್ಪು ತುಂಬಿಸಿ ಹತ್ತು ಕೊಡ ನೀರು ಹೊಯ್ದೆ, ತುಕ್ಕು ಹಿಡಿದ ನಟ್ಟು ಬದಲಿಸಿ ತಂತಿ ಬಿಗಿದೆ. ಈಗ ಬಲ್ಬ್ ಬೆಳ್ಳಗೆ ಉರಿಯುತ್ತದೆ, ಚಾರ್ಜರ್ ಹಾಕಿದರೂ ಹೆಡ್‌ಫೋನಿನಲ್ಲಿ ಗುಂಯ್ ಇಲ್ಲ. ಮನೆಯಾಕೆ ಕೇಳಿದಳು, ಏನಾಗಿತ್ತು ಎಂದು. ಸಾಫ್ಟ್‌ವೇರ್ ಕೆಟ್ಟಿತ್ತು ಎಂದೆ.

ರೀಪರ್ ಹಾಕಿದೆ. ಮೊದಲ ದಿನ ಪರದೆ ನೋಡಿ ಸಬ್‌ಸ್ಟೇಷನ್ನಿನ ಪ್ಯಾನೆಲ್ ಮುಂದೆ ನಿಂತ ಹಾಗಾಯಿತು. ಆದರೆ ನನಗೆ ಬೇಕಾದದ್ದು ಐದೇ ಗುಂಡಿ. ಟೈಮ್‌ಬೇಸ್ ಮೊದಲೇ ಬದಲಿಸಿದೆ, ಬೀದರ್ ಅಣ್ಣನ ಮೈದಾ ಹಿಟ್ಟು ನೆನಪಿತ್ತು.

ನಿಮ್ಮಿಬ್ಬರ ಜಗಳವನ್ನೂ ಪರೀಕ್ಷಿಸಿದೆ. ಬಿಡಿಬಿಡಿಯಾಗಿ ಮುದ್ರಿಸಿದ್ದು ಕೇಳಲು ಬಲು ಸ್ವಚ್ಛ, ನನ್ನ ಧ್ವನಿಯ ಒಂದೊಂದು ಅಕ್ಷರವೂ ಬಿಡಿಸಿಟ್ಟ ತೊಗರಿಯ ಹಾಗೆ. ಆದರೆ ಮಾವನವರು ಹೆಡ್‌ಫೋನ್ ಹಾಕಿಕೊಂಡರೆ ತಿದಿ ಎಳೆಯುವ ಎಡಗೈ ಹಿಡಿದುಕೊಳ್ಳುತ್ತದೆ. ತನ್ನದೇ ಹಳೆಯ ನುಡಿಸಾಣಿಕೆಯ ಬೆನ್ನು ಹತ್ತಿ ನುಡಿಸುವುದು ಅವರಿಗೆ ಒಗ್ಗಲಿಲ್ಲ. ಓಡುವ ಜಾಗದಲ್ಲಿ ಅವರು ಓಡಲೇ ಇಲ್ಲ, ನಡೆದರು.

ಕೊನೆಗೆ ಮಾಸ್ತರರು ಹೇಳಿದಂತೆ ಎದುರುಬದುರು ಕುಳಿತೆವು. ಕೂಲರ್ ಸದ್ದು, ಫ್ಯಾನಿನ ಸದ್ದು ಎರಡನ್ನೂ ಆರಿಸಿ ಹಗಲು ಹಾಡಿದರೆ ಬೆವರಿಗೆ ಪೇಟಿಯ ಮನೆಗಳೇ ಜಾರುತ್ತವೆ. ಹಾಗಾಗಿ ಬೆಳಗಿನ ನಾಲ್ಕಕ್ಕೆ ಸೇರಿದೆವು. ಮನೆಯ ಕೌದಿಯೆಲ್ಲ ಗೋಡೆಗೆ ಏರಿದವು, ಮಕ್ಕಳು ಬರೀ ಚಾಪೆಯ ಮೇಲೆ ಮಲಗಿದರು. ನಾಲ್ಕೂವರೆಯಿಂದ ಹಾಲಿನವನ ಬೈಕ್ ಬರುವತನಕ ಮೂರು ಪದ ಆದವು. ಮೂರನೆಯದು ಕೈಗೆ ಸಿಕ್ಕಿದೆ. ಅಡಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ನನ್ನ ಮೈಕಿನಲ್ಲಿ ಮಾತ್ರ ಕತ್ತರಿಸಿದ್ದೇನೆ, ಇನ್ನೊಂದು ಮೈಕನ್ನು ಮುಟ್ಟಿಲ್ಲ. ಬೇರೆ ಏನನ್ನೂ ಹಾಕಿಲ್ಲ.

ಒಂದೇ ಅನುಮಾನ ಉಳಿದಿದೆ. ಎರಡನೆಯ ನುಡಿ ಮುಗಿದು ಮೌನ ಬರುವಲ್ಲಿ ತಿದಿಯ ಉಸಿರು ‘ಹುಸ್’ ಎಂದು ಕೇಳಿಸುತ್ತದೆ, ಅದರ ಹಿಂದೆಯೇ ಮಾವನವರು ಮೆಲ್ಲಗೆ ‘ಹ್ಞೂಂ, ಎತ್ತು’ ಎನ್ನುತ್ತಾರೆ. ಅಳಿಯ ಅದನ್ನು ತೆಗೆಯಲೇಬೇಕು ಎನ್ನುತ್ತಾನೆ. ರೀಪರ್‌ನಲ್ಲಿರುವ ರೀಫಿರ್ ಎಂಬುದರಿಂದ ಹಿನ್ನೆಲೆಯ ಸದ್ದನ್ನು ಕಳೆಯಬಹುದಂತೆ. ತೆಗೆಯಲೋ, ಬಿಡಲೋ?

ಡಗ್ಗಾ ಮಾಸ್ತರ್ (ಸುರಪುರ)

ಅಳಿಯನಿಗೆ ಆ ಗುಂಡಿ ಎಲ್ಲಿದೆ ಎಂದು ತೋರಿಸಬೇಡ.

ಬಿದ್ರಿ ಬಾಜಾ (ಬೀದರ್)

ಇದೊಂದರಲ್ಲಿ ನಾನು ಮಾಸ್ತರರ ಕಡೆ. ತಿದಿಯ ಉಸಿರಿನಂತಹ ಬಂದು ಹೋಗುವ ಸದ್ದಿಗೆ ರೀಫಿರ್ ಅಲ್ಲ, ಅದು ಫ್ಯಾನಿನಂತಹ ಒಂದೇ ಸಮನೆಯ ಸದ್ದಿಗೆ. ಮೂಲ ಫೈಲನ್ನು ವೇವ್ ರೂಪದಲ್ಲೇ ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಇಡಿ, ಮಂಡಳಿಯವರ ಮೊಬೈಲಿಗೆ ಎಂಪಿ3 ಕಳಿಸಿ. ಮುಂದಿನ ಸೋಮವಾರ ನಾಲ್ಕಕ್ಕೇ ಸೇರುತ್ತೀರಾದರೆ ಹೇಳಿ, ಬೀದರಿನಿಂದ ರಾತ್ರಿಯೇ ಹೊರಟು ಬರುತ್ತೇನೆ. ನನ್ನ ಬಳಿ ಇನ್ನೊಂದು ಕಂಡೆನ್ಸರ್ ಇದೆ.

ಕಂಬ ಹತ್ತುವವ (ಕಲಬುರಗಿ)

ಬನ್ನಿ ಅಣ್ಣಾ. ಬರುವಾಗ ಎರಡು ಕೌದಿಯೂ ಇರಲಿ.